ಕಾವಲುಗಾರನಿಗೆ ಸಂಬಳ ಕೊಡುವವರು ಯಾರು?

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪೆನಿಯ ಅಧ್ಯಕ್ಷ ರಾಮಲಿಂಗ ರಾಜು ಅವರು ತಮ್ಮ ಆಡಳಿತ ಮಂಡಳಿಗೆ ಒಂದು ಪತ್ರ ಬರೆದರು. ಅದರ ಪ್ರತಿಗಳು ಶೇರು ವಿನಿಮಯ ಕೇಂದ್ರಗಳಿಗೂ ಹೋದವು. 2008ರ ಸೆಪ್ಟೆಂಬರ್ ಅಂತ್ಯದ ಲೆಕ್ಕಪತ್ರದಲ್ಲಿ ಕಂಪೆನಿಯ ಬಳಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇದೆಯೆಂದು ತೋರಿಸಲಾಗಿತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಪತ್ರ ಹೇಳಿತು. ಇಲ್ಲದ ಆ ಹಣಕ್ಕೆ ಬಂದ ಬಡ್ಡಿಯೆಂದು 376 ಕೋಟಿಯನ್ನೂ ಬರೆದಿಡಲಾಗಿತ್ತು. ಆ ಮೂರು ತಿಂಗಳಲ್ಲಿ ಕಂಪೆನಿ ಗಳಿಸಿದ ನಿರ್ವಹಣಾ ಲಾಭ 649 ಕೋಟಿ ಎಂದು ಪ್ರಕಟಿಸಲಾಗಿತ್ತು. ನಿಜವಾದ ಲಾಭ ಕೇವಲ 61 ಕೋಟಿ. ಅಂದು ಸಂಜೆಯ ವೇಳೆಗೆ ಆ ಕಂಪೆನಿಯ ಶೇರಿನ ಬೆಲೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತಲೂ ಹೆಚ್ಚು ಕರಗಿಹೋಗಿತ್ತು.

ಹದಿನೈದು ವರ್ಷಗಳಿಗೂ ಹಿಂದಿನ ಈ ಕಥೆಯನ್ನು ಈಗೇಕೆ ಹೇಳಬೇಕು ಎಂದು ಓದುಗರು ಕೇಳಬಹುದು. ಆ ಪತ್ರದ ಬಳಿಕ ದೇಶದ ಕಂಪೆನಿ ಕಾನೂನು ಬದಲಾಯಿತು, ಹೊಸ ಪ್ರಾಧಿಕಾರ ಬಂತು, ಶಿಕ್ಷೆಗಳು ಕಠಿಣವಾದವು. ಆದರೆ ಆ ಪತ್ರ ಎಬ್ಬಿಸಿದ ಮೂಲ ಪ್ರಶ್ನೆಯನ್ನು ಕಾನೂನು ಇಂದಿಗೂ ಮುಟ್ಟಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ, ಸತ್ಯಂನಲ್ಲಿ ನಡೆದ ಮೋಸ ಎಂತಹದು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಂಪೆನಿಯೊಂದರ ಲೆಕ್ಕದಲ್ಲಿ ಪರೀಕ್ಷಿಸಲು ಕಷ್ಟವಾದ ಅನೇಕ ಬಾಬತ್ತುಗಳಿರುತ್ತವೆ. ಗೋದಾಮಿನಲ್ಲಿರುವ ಸರಕಿಗೆ ಎಷ್ಟು ಬೆಲೆ ಕಟ್ಟಬೇಕು? ಬರಬೇಕಾದ ಬಾಕಿಯಲ್ಲಿ ಎಷ್ಟು ಬಂದೀತು, ಎಷ್ಟು ಮುಳುಗೀತು? ಇವುಗಳಲ್ಲಿ ಪ್ರಾಮಾಣಿಕರೂ ತಪ್ಪುವುದುಂಟು. ಆದರೆ ಬ್ಯಾಂಕಿನಲ್ಲಿರುವ ಹಣ ಹಾಗಲ್ಲ. ಅದು ಇದೆಯೇ ಇಲ್ಲವೇ ಎಂಬುದನ್ನು ಬ್ಯಾಂಕನ್ನೇ ಕೇಳಿದರೆ ಸಾಕು. ಲೆಕ್ಕ ಪರಿಶೋಧಕನು ಬ್ಯಾಂಕಿಗೆ ತಾನೇ ಪತ್ರ ಕಳುಹಿಸಬೇಕು, ಉತ್ತರವೂ ನೇರವಾಗಿ ತನಗೇ ಬರಬೇಕು, ನಡುವೆ ಕಂಪೆನಿಯ ಕೈ ಸೋಕಬಾರದು ಎಂಬುದು ಈ ವೃತ್ತಿಯಲ್ಲಿ ಹೊಸಬನಿಗೂ ಕಲಿಸುವ ಮೊದಲ ಪಾಠ. ಸತ್ಯಂನಲ್ಲಿ ಈ ಪಾಠವೇ ತಪ್ಪಿತ್ತು. ಅದರ ಶೇರುಗಳು ನ್ಯೂಯಾರ್ಕಿನಲ್ಲೂ ಮಾರಾಟವಾಗುತ್ತಿದ್ದುದರಿಂದ ಅಮೆರಿಕದ ನಿಯಂತ್ರಣ ಸಂಸ್ಥೆಗಳೂ ತನಿಖೆ ನಡೆಸಿದವು. ಬ್ಯಾಂಕಿನಿಂದ ದೃಢೀಕರಣ ಪಡೆಯುವ ಕೆಲಸವನ್ನೇ ಪರಿಶೋಧಕರು ಕಂಪೆನಿಯ ಆಡಳಿತದ ಕೈಗೆ ಒಪ್ಪಿಸಿಬಿಟ್ಟಿದ್ದರು ಎಂದು ಅವು 2011ರ ಏಪ್ರಿಲ್‌ನಲ್ಲಿ ಹೇಳಿದವು. ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳ ಮೇಲೆ ಒಟ್ಟು 75 ಲಕ್ಷ ಡಾಲರ್ ದಂಡ ವಿಧಿಸಿದವು.

ನಮ್ಮ ಹಳ್ಳಿಗಳಲ್ಲಿ ಮಗಳಿಗೆ ಸಂಬಂಧ ಬಂದಾಗ ಅಕ್ಷರ ಬಾರದ ತಂದೆಯೂ ಹುಡುಗನ ಬಗ್ಗೆ ಹುಡುಗನ ಮನೆಯವರನ್ನು ಕೇಳಿ ತೃಪ್ತನಾಗುವುದಿಲ್ಲ. ಪಕ್ಕದ ಅಂಗಡಿಯವನನ್ನು ಕೇಳುತ್ತಾನೆ, ಹುಡುಗ ದುಡಿಯುವ ಕಡೆ ವಿಚಾರಿಸುತ್ತಾನೆ. ವಿಶ್ವವಿಖ್ಯಾತ ಸಂಸ್ಥೆಯೊಂದು ಸಾವಿರಾರು ಕೋಟಿಯ ವಿಷಯದಲ್ಲಿ ಇಷ್ಟು ಎಚ್ಚರವನ್ನೂ ವಹಿಸಲಿಲ್ಲ. ಇದು ಬುದ್ಧಿಯ ಕೊರತೆಯಿಂದಾದದ್ದಲ್ಲ. ಕೇಳುವ ಮನಸ್ಸಿನ ಕೊರತೆಯಿಂದಾದದ್ದು.

ಆ ಕಂಪೆನಿಯ ಸುತ್ತ ಇದ್ದ ಕಾವಲು ಕಡಿಮೆಯದೇನೂ ಆಗಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರೊಬ್ಬರಿದ್ದರು, ಕೇಂದ್ರ ಸರಕಾರದ ಮಾಜಿ ಸಂಪುಟ ಕಾರ್ಯದರ್ಶಿಯಿದ್ದರು, ಹೆಸರಾಂತ ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಯ ಡೀನ್ ಇದ್ದರು. 2008ರ ಸೆಪ್ಟೆಂಬರ್‌ನಲ್ಲಿ, ಅಂದರೆ ಪತ್ರ ಹೊರಬೀಳುವುದಕ್ಕೆ ಕೆಲವೇ ತಿಂಗಳ ಮುನ್ನ, ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ನೀಡುವ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಅದಕ್ಕೆ ಸಂದಿತ್ತು. ಡಿಸೆಂಬರ್ 16ರಂದು ಇದೇ ಮಂಡಳಿ ಅಧ್ಯಕ್ಷರ ಕುಟುಂಬಕ್ಕೆ ಸೇರಿದ ಮೇಟಾಸ್ ಹೆಸರಿನ ಎರಡು ಕಂಪೆನಿಗಳನ್ನು 160 ಕೋಟಿ ಡಾಲರಿಗೆ ಖರೀದಿಸಲು ಒಪ್ಪಿಗೆ ನೀಡಿತು. ಸತ್ಯಂ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಮೇಟಾಸ್ ಆಗುತ್ತದೆ. ಸಂಬಂಧವನ್ನು ಮರೆಮಾಚುವ ಗೋಜಿಗೂ ಯಾರೂ ಹೋಗಿರಲಿಲ್ಲ. ಈ ಒಪ್ಪಂದವನ್ನು ತಡೆದದ್ದು ಸ್ವತಂತ್ರ ನಿರ್ದೇಶಕರಲ್ಲ, ಪರಿಶೋಧಕರೂ ಅಲ್ಲ. ಹಣ ಹೂಡಿದ್ದವರು ಸಿಟ್ಟಿಗೆದ್ದು ಶೇರು ಮಾರಲಾರಂಭಿಸಿದಾಗ ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಖರೀದಿ ನಡೆದಿದ್ದರೆ ಇಲ್ಲದ ಹಣದ ಜಾಗದಲ್ಲಿ ಭೂಮಿ ಮತ್ತು ಕಟ್ಟಡ ಬಂದು ಕೂರುತ್ತಿತ್ತು, ಹಳೆಯ ಸುಳ್ಳಿನ ಗುರುತೇ ಉಳಿಯುತ್ತಿರಲಿಲ್ಲ.

ಕಂಪೆನಿಯ ಲೆಕ್ಕವನ್ನು ಹೊರಗಿನವರು ಪರೀಕ್ಷಿಸಲೇಬೇಕೆಂದು ಕಾನೂನು ಏಕೆ ಒತ್ತಾಯಿಸುತ್ತದೆ? ಹಿತ್ತಲಲ್ಲಿ ತರಕಾರಿ ಬೆಳೆದು ಮಾರುವವನ ಲೆಕ್ಕವನ್ನು ಯಾರೂ ಕೇಳುವುದಿಲ್ಲವಲ್ಲ? ಕಾರಣವಿದೆ. ಸೀಮಿತ ಹೊಣೆಗಾರಿಕೆ ಎಂಬುದು ಸಮಾಜವು ಕಂಪೆನಿಗೆ ಕೊಟ್ಟಿರುವ ಒಂದು ದೊಡ್ಡ ರಿಯಾಯಿತಿ. ಸಾಮಾನ್ಯ ವ್ಯಾಪಾರಿ ಸಾಲ ತೀರಿಸಲಾಗದಿದ್ದರೆ ಅವನ ಮನೆಯೂ ಹರಾಜಾಗುತ್ತದೆ. ಕಂಪೆನಿ ಮುಳುಗಿದರೆ ಅದರ ಒಡೆಯರು ಹೂಡಿದಷ್ಟನ್ನು ಮಾತ್ರ ಕಳೆದುಕೊಳ್ಳುತ್ತಾರೆ, ಉಳಿದ ನಷ್ಟ ಸಾಲ ಕೊಟ್ಟವರದು. ಇಂತಹ ರಕ್ಷಣೆ ಬೇಕೆಂದಾದರೆ ನಿನ್ನ ಲೆಕ್ಕವನ್ನು ನಾಲ್ಕು ಜನರ ಮುಂದಿಡು ಎಂಬುದೇ ಅದಕ್ಕೆ ಪ್ರತಿಯಾಗಿ ಸಮಾಜವು ಹಾಕಿದ ಷರತ್ತು. ಈ ಪಾಠವನ್ನು ಬ್ರಿಟನ್ ಕಲಿತದ್ದು ಪೆಟ್ಟು ತಿಂದ ಮೇಲೆಯೇ. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಸುಳ್ಳು ಲೆಕ್ಕಗಳ ಭಾರದಿಂದ ಕುಸಿಯಿತು. ಅಲ್ಲಿ ಹೊಣೆಗಾರಿಕೆಗೆ ಮಿತಿಯಿರಲಿಲ್ಲವಾದ್ದರಿಂದ ಶೇರು ಹೊಂದಿದ್ದ ಸಾಧಾರಣ ಜನರು ಬ್ಯಾಂಕಿನ ಸಾಲಕ್ಕಾಗಿ ತಮ್ಮ ಸರ್ವಸ್ವವನ್ನೂ ಕಳೆದುಕೊಳ್ಳಬೇಕಾಯಿತು. ಮರುವರ್ಷವೇ ಸೀಮಿತ ಹೊಣೆಯ ಬ್ಯಾಂಕುಗಳಿಗೆ ಲೆಕ್ಕ ಪರಿಶೋಧನೆ ಕಡ್ಡಾಯವಾಯಿತು, 1900ರಲ್ಲಿ ಎಲ್ಲ ಕಂಪೆನಿಗಳಿಗೂ ಅದು ಅನ್ವಯವಾಯಿತು. ನಮ್ಮ ಕಂಪೆನಿ ಕಾಯ್ದೆಗಳು ಅದೇ ಬೇರಿನಿಂದ ಚಿಗುರಿದವು.

ಆದರೆ ಆ ಬೇರಿನೊಂದಿಗೆ ಒಂದು ರೋಗವೂ ಬಂತು. 1896ರಲ್ಲಿ ಕಿಂಗ್‌ಸ್ಟನ್ ಹತ್ತಿ ಗಿರಣಿಯ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು, ಪರಿಶೋಧಕನು ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂದುಬಿಟ್ಟರು. ಅನುಮಾನಕ್ಕೆ ಕಾರಣ ಕಾಣದಿದ್ದರೆ ಆಡಳಿತ ಹೇಳಿದ್ದನ್ನು ನಂಬಬಹುದು ಎಂಬುದು ಅದರ ಅರ್ಥ. ಈ ಮಾತನ್ನು ಆ ವೃತ್ತಿಯವರು ನೂರಕ್ಕೂ ಹೆಚ್ಚು ವರ್ಷಗಳಿಂದ ಗುರಾಣಿಯಂತೆ ಹಿಡಿದುಕೊಂಡಿದ್ದಾರೆ. ಬೇಟೆಯಾಡುವುದು ಬೇಡ, ಒಪ್ಪೋಣ. ಆದರೆ ಕಾವಲು ನಾಯಿ ಬೊಗಳಬೇಕಲ್ಲವೇ?

ಬೊಗಳದಿರಲು ಕಾರಣವೇನೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಪರಿಶೋಧಕನು ಯಾರ ಸೇವಕ? ಕಾನೂನಿನ ಪುಸ್ತಕದಲ್ಲಿ ಅವನು ಶೇರುದಾರರ ಪ್ರತಿನಿಧಿ. ವಾರ್ಷಿಕ ಮಹಾಸಭೆಯಲ್ಲಿ ಅವರೇ ಅವನನ್ನು ನೇಮಿಸುತ್ತಾರೆ, ಅವನ ವರದಿ ಅವರಿಗೇ ಸಲ್ಲುತ್ತದೆ. ವಾಸ್ತವದಲ್ಲಿ ನಮ್ಮ ದೇಶದ ಹೆಚ್ಚಿನ ಕಂಪೆನಿಗಳಲ್ಲಿ ದೊಡ್ಡ ಪಾಲಿನ ಮತಗಳು ಪ್ರವರ್ತಕ ಕುಟುಂಬದ ಕೈಯಲ್ಲಿರುತ್ತವೆ. ಹೆಸರನ್ನು ಸೂಚಿಸುವವರು ಅವರು, ಶುಲ್ಕ ನಿಗದಿಯಾಗುವುದು ಅವರ ಮಾತಿನಂತೆ, ಬೇಡವೆನಿಸಿದರೆ ಮುಂದಿನ ಅವಧಿಗೆ ಬೇರೆಯವರನ್ನು ಹುಡುಕುವವರೂ ಅವರೇ. ಯಾರ ಲೆಕ್ಕವನ್ನು ಅನುಮಾನದಿಂದ ನೋಡಬೇಕೋ ಅವರಿಂದಲೇ ಅನ್ನ ತಿನ್ನಬೇಕಾದವನ ಕಣ್ಣು ಎಷ್ಟು ತೀಕ್ಷ್ಣವಾಗಿರಲು ಸಾಧ್ಯ? ಇದು ಭಾರತದ ರೋಗ ಮಾತ್ರವಲ್ಲ. ಅಮೆರಿಕದ ಎನ್ರಾನ್ ಕಂಪೆನಿಯಿಂದ ಆರ್ಥರ್ ಆಂಡರ್ಸನ್ ಸಂಸ್ಥೆಗೆ 2000ದ ಸಾಲಿನಲ್ಲಿ ಲೆಕ್ಕ ಪರಿಶೋಧನೆಗಾಗಿ ಎರಡೂವರೆ ಕೋಟಿ ಡಾಲರ್ ಸಂದಿತ್ತು, ಸಲಹೆ ಮತ್ತಿತರ ಸೇವೆಗಳಿಗಾಗಿ ಅದಕ್ಕಿಂತಲೂ ಹೆಚ್ಚು, 2.7 ಕೋಟಿ ಡಾಲರ್. ಬೆಳಿಗ್ಗೆ ಸಲಹೆ ಕೊಟ್ಟವರು ಸಂಜೆ ಅದೇ ಸಲಹೆಯ ಫಲಿತಾಂಶವನ್ನು ಪರೀಕ್ಷಿಸುತ್ತಿದ್ದರು. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿಯೆದ್ದಿತು, ಅದರ ಬೆನ್ನಿಗೇ ಆಂಡರ್ಸನ್ ಕೂಡಾ ನಾಮಾವಶೇಷವಾಯಿತು. ಕಡತಗಳನ್ನು ಹರಿದು ಹಾಕಿದ ಪ್ರಕರಣದಲ್ಲಿ ಅದು ಅಪರಾಧಿಯೆಂಬ ತೀರ್ಪನ್ನು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಗೊಳಿಸುವ ಹೊತ್ತಿಗೆ ಆ ಸಂಸ್ಥೆಯೇ ಉಳಿದಿರಲಿಲ್ಲ.

ನಮ್ಮ ಸರಕಾರಗಳು ಏನನ್ನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಸತ್ಯಂ ವಿಷಯದಲ್ಲಿ ಅಂದಿನ ಕೇಂದ್ರ ಸರಕಾರ ಪತ್ರ ಹೊರಬಿದ್ದ ಕೆಲವೇ ದಿನಗಳಲ್ಲಿ ಹಳೆಯ ಮಂಡಳಿಯನ್ನು ತೆಗೆದು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್ ಮುಂತಾದವರನ್ನು ನೇಮಿಸಿತು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಅದನ್ನು ಕೊಂಡುಕೊಂಡಿತು, ಸಾವಿರಾರು ನೌಕರರ ಕೆಲಸ ಉಳಿಯಿತು. ಬಳಿಕ ಬಂದ 2013ರ ಕಂಪೆನಿ ಕಾಯ್ದೆಯು ಹಿಂದಿನ 1956ರ ಕಾಯ್ದೆಗಿಂತ ಬಹಳ ಮುಂದೆ ಹೋಯಿತು. ಶೇರು ಪೇಟೆಯಲ್ಲಿರುವ ಮತ್ತು ನಿಗದಿತ ಗಾತ್ರಕ್ಕಿಂತ ದೊಡ್ಡದಾದ ಕಂಪೆನಿಗಳಲ್ಲಿ ಒಬ್ಬ ವ್ಯಕ್ತಿ ಐದು ವರ್ಷಕ್ಕಿಂತ ಹೆಚ್ಚು, ಒಂದು ಸಂಸ್ಥೆ ಹತ್ತು ವರ್ಷಕ್ಕಿಂತ ಹೆಚ್ಚು ಸತತವಾಗಿ ಪರಿಶೋಧಕರಾಗಿರುವಂತಿಲ್ಲ. ಪರಿಶೋಧಕನು ಅದೇ ಕಂಪೆನಿಗೆ ಲೆಕ್ಕ ಬರೆಯುವುದು, ಹೂಡಿಕೆ ಸಲಹೆ ಕೊಡುವುದು ಮುಂತಾದ ಸೇವೆಗಳನ್ನು 144ನೇ ಕಲಮು ನಿಷೇಧಿಸುತ್ತದೆ. 143ನೇ ಕಲಮಿನ 12ನೇ ಉಪಕಲಮು ಇನ್ನೂ ಮುಖ್ಯವಾದುದು. ಕಂಪೆನಿಯ ಅಧಿಕಾರಿಗಳೋ ನೌಕರರೋ ವಂಚನೆ ಎಸಗುತ್ತಿದ್ದಾರೆಂದು ನಂಬಲು ಕಾರಣವಿದ್ದರೆ, ಮೊತ್ತ ಒಂದು ಕೋಟಿ ಅಥವಾ ಅದಕ್ಕೂ ಮೇಲಿದ್ದಲ್ಲಿ, ಪರಿಶೋಧಕನು ಕೇಂದ್ರ ಸರಕಾರಕ್ಕೆ ವರದಿ ಮಾಡಲೇಬೇಕು. ಅಂದರೆ ಬೊಗಳುವುದು ಈಗ ಕಾನೂನಿನ ಪ್ರಕಾರ ಕರ್ತವ್ಯ. ವಂಚನೆಗೆ ಹತ್ತು ವರ್ಷಗಳವರೆಗೆ ಸೆರೆವಾಸವಿದೆ. ವೃತ್ತಿಯವರೇ ವೃತ್ತಿಯವರನ್ನು ವಿಚಾರಿಸುವ ಪದ್ಧತಿಗೆ ಬದಲಾಗಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಎಂಬ ಪ್ರತ್ಯೇಕ ಸಂಸ್ಥೆಯನ್ನೂ ಕಾಯ್ದೆ ಕಲ್ಪಿಸಿತು. ಕಾಯ್ದೆಯಲ್ಲಿ ಬರೆದ ಆ ಪ್ರಾಧಿಕಾರವನ್ನು ರಚಿಸಲು ಮಾತ್ರ ಐದು ವರ್ಷ ಹಿಡಿಯಿತು.

ಅದು ಅಸ್ತಿತ್ವಕ್ಕೆ ಬಂದದ್ದು 2018ರ ಅಕ್ಟೋಬರ್ 1ರಂದು. ಅದೇ ದಿನ ಸರಕಾರ ಮತ್ತೊಂದು ಬೃಹತ್ ಸಂಸ್ಥೆಯ ಆಡಳಿತ ಮಂಡಳಿಯನ್ನು ತೆಗೆದುಹಾಕಬೇಕಾಯಿತು. ಅದು ಐಎಲ್ ಅಂಡ್ ಎಫ್‌ಎಸ್. ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಈ ಸಮೂಹದಲ್ಲಿ ಮುನ್ನೂರಕ್ಕೂ ಹೆಚ್ಚು ಕಂಪೆನಿಗಳಿದ್ದವು. ಒಟ್ಟು ಸಾಲ 90,000 ಕೋಟಿ ರೂಪಾಯಿಯನ್ನು ದಾಟಿತ್ತು. ಭಾರತೀಯ ಜೀವ ವಿಮಾ ನಿಗಮವೇ ಅದರ ಅತಿ ದೊಡ್ಡ ಪಾಲುದಾರ. 2018ರ ಆಗಸ್ಟ್‌ವರೆಗೂ ರೇಟಿಂಗ್ ಸಂಸ್ಥೆಗಳು ಅದಕ್ಕೆ ಅತ್ಯುನ್ನತ ದರ್ಜೆ ನೀಡಿದ್ದವು. ಪರಿಶೋಧಕರ ಸಹಿಯೂ ಆ ದರ್ಜೆಯೂ ಇದ್ದುದರಿಂದ ಅನೇಕ ಭವಿಷ್ಯ ನಿಧಿಗಳು ಅದರ ಸಾಲಪತ್ರಗಳಲ್ಲಿ ಹಣ ತೊಡಗಿಸಿದ್ದವು. ಬ್ಯಾಲೆನ್ಸ್ ಶೀಟ್ ಎಂದರೆ ಶ್ರೀಮಂತರ ವಿಷಯ, ಶೇರು ಪೇಟೆ ಎಂದರೆ ಜೂಜುಕೋರರ ವಿಷಯ, ನಮಗೇಕೆ ಅದರ ಗೊಡವೆ ಎನ್ನುವವರು ಇದನ್ನು ಗಮನಿಸಬೇಕು. ಶೇರನ್ನು ಕಣ್ಣಿನಿಂದ ಕಂಡಿರದ ಕಾರ್ಮಿಕನ ಸಂಬಳದಿಂದ ಪ್ರತಿ ತಿಂಗಳು ಕಡಿದ ಹಣ ಅಲ್ಲಿ ಸಿಕ್ಕಿಬಿದ್ದಿತ್ತು.

ಇಲ್ಲಿ ಒಂದು ಹೊಸ ಚಾಳಿಯೂ ಬೆಳಕಿಗೆ ಬಂತು. ಆ ಸಮೂಹದ ಹಣಕಾಸು ಕಂಪೆನಿಯ ಪರಿಶೋಧಕರನ್ನು ಐದು ವರ್ಷ ಹೊರಗಿಡಬೇಕೆಂದು ಸರಕಾರ ನ್ಯಾಯಮಂಡಳಿಗೆ ಹೋದಾಗ, ನಾವು ಈಗಾಗಲೇ ಆ ಸ್ಥಾನದಲ್ಲಿಲ್ಲ, ಆದ್ದರಿಂದ ನಮ್ಮನ್ನು ವಿಚಾರಿಸುವಂತಿಲ್ಲ ಎಂಬ ವಾದ ಹೂಡಲಾಯಿತು. ಮನೆಗೆ ಬೆಂಕಿ ಬಿದ್ದಾಗ ಕೆಲಸ ಬಿಟ್ಟು ಹೋದ ಕಾವಲುಗಾರ, ಈಗ ನಾನು ಇಲ್ಲಿನ ನೌಕರನಲ್ಲವಲ್ಲ ಎಂದಂತೆ. ಬೊಂಬಾಯಿ ಹೈಕೋರ್ಟಿನಲ್ಲಿ ಈ ವಾದ ಗೆದ್ದಿತು. 2023ರ ಮೇಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ರಾಜೀನಾಮೆ ಕೊಟ್ಟ ಮಾತ್ರಕ್ಕೆ ವಿಚಾರಣೆ ಕೊನೆಯಾಗುವುದಿಲ್ಲವೆಂದು ಸ್ಪಷ್ಟಪಡಿಸಿತು. 2018ರಲ್ಲಿ ಹಲವು ಕಂಪೆನಿಗಳಿಂದ ಪರಿಶೋಧಕರು ಅವಧಿಯ ನಡುವೆಯೇ ಹೊರನಡೆದದ್ದನ್ನು ಕಂಡ ಸೆಬಿ, ಆ ತ್ರೈಮಾಸಿಕದ ವರದಿ ಕೊಡದೆ ಹೋಗುವಂತಿಲ್ಲವೆಂದು 2019ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು.

ನಮ್ಮ ರಾಜ್ಯದವರಿಗೆ ಇವೆಲ್ಲಕ್ಕಿಂತ ಹತ್ತಿರದ ಉದಾಹರಣೆ ಕಾಫಿ ಡೇಯದು. 2019ರ ಜುಲೈ ಅಂತ್ಯದಲ್ಲಿ ನೇತ್ರಾವತಿಯ ಸೇತುವೆಯ ಬಳಿ ವಿ.ಜಿ. ಸಿದ್ಧಾರ್ಥ ಅವರ ಬದುಕು ಮುಗಿದಾಗ ಕರಾವಳಿ ಮಲೆನಾಡುಗಳೆರಡೂ ಮರುಗಿದ್ದವು. ಸಾವಿರಾರು ಯುವಕರಿಗೆ ಕೆಲಸ ಕೊಟ್ಟವರ ಬಗ್ಗೆ ಆ ಮರುಕ ಸಹಜವಾದುದೇ. ಆದರೆ ಅವರದೆಂದು ಪ್ರಕಟವಾದ ಪತ್ರದಲ್ಲಿನ ಒಂದು ಮಾತಿನ ಬಗ್ಗೆ ಆಗ ಹೆಚ್ಚು ಚರ್ಚೆಯಾಗಲಿಲ್ಲ. ತಮ್ಮ ವ್ಯವಹಾರಗಳ ಬಗ್ಗೆ ತಮ್ಮ ತಂಡಕ್ಕಾಗಲಿ, ಪರಿಶೋಧಕರಿಗಾಗಲಿ ಏನೂ ತಿಳಿದಿರಲಿಲ್ಲ ಎಂದು ಅದರಲ್ಲಿತ್ತು. ಇತರರನ್ನು ಉಳಿಸಲು ಬರೆದ ಮಾತು ಅದು. ಆದರೆ ಪರಿಶೋಧಕರ ಪಾಲಿಗೆ ಅದು ರಕ್ಷಣೆಯೇ, ಆರೋಪವೇ? ಏಳು ಅಂಗ ಕಂಪೆನಿಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸೇರಿದ ಕಾಫಿ ತೋಟದ ಕಂಪೆನಿಯೊಂದಕ್ಕೆ ಹರಿದುಹೋಗಿತ್ತೆಂದು ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ 26 ಕೋಟಿ ದಂಡ ವಿಧಿಸಿತು. ಅದೇ ವರ್ಷ ಹಣಕಾಸು ವರದಿ ಪ್ರಾಧಿಕಾರವೂ ಅಲ್ಲಿನ ಪರಿಶೋಧಕರಿಗೆ ದಂಡ ಹಾಕಿತು. ಮೂರೂವರೆ ಸಾವಿರ ಕೋಟಿ ಹರಿದುಹೋದದ್ದು ತಿಳಿಯದಿದ್ದರೆ ವರ್ಷವರ್ಷವೂ ಸಹಿ ಹಾಕಿದ್ದು ಏತಕ್ಕೆ?

ಶಿಕ್ಷೆಯ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ. ಸತ್ಯಂ ಮೊಕದ್ದಮೆಯಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ 2015ರ ಏಪ್ರಿಲ್‌ನಲ್ಲಿ ಹತ್ತು ಮಂದಿಗೆ ಏಳು ವರ್ಷಗಳ ಸಜೆ ವಿಧಿಸಿತು. ಅವರಲ್ಲಿ ಇಬ್ಬರು ಪರಿಶೋಧಕರು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ದೊರೆಯಿತು. ಪ್ರೈಸ್ ವಾಟರ್‌ಹೌಸ್ ಸಂಸ್ಥೆಗಳು ಎರಡು ವರ್ಷ ಶೇರು ಪೇಟೆಯ ಕಂಪೆನಿಗಳ ಪರಿಶೋಧನೆ ನಡೆಸಬಾರದೆಂದು ಸೆಬಿ ಆದೇಶಿಸಿದ್ದು 2018ರ ಜನವರಿಯಲ್ಲಿ, ಅಂದರೆ ಪತ್ರ ಬಂದ ಒಂಬತ್ತು ವರ್ಷಗಳ ಬಳಿಕ. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ರದ್ದುಪಡಿಸಿತು, ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬಸ್ಸಿನಲ್ಲಿ ಕಿಸೆಗೆ ಕತ್ತರಿ ಹಾಕಿದವನ ವಿಷಯದಲ್ಲಿ ನಮ್ಮ ವ್ಯವಸ್ಥೆ ಇಷ್ಟು ನಿಧಾನಿಯಲ್ಲ.

ಇನ್ನು ಕಾನೂನು ಮಾಡುವವರ ಬಗ್ಗೆಯೂ ಒಂದು ಮಾತು. ಲೆಕ್ಕ ಸರಿಯಿರಬೇಕು, ಪಾರದರ್ಶಕವಾಗಿರಬೇಕು ಎಂದು ಕಂಪೆನಿಗಳಿಗೆ ಉಪದೇಶ ಮಾಡುವ ಸಂಸತ್ತೇ 2017ರ ಹಣಕಾಸು ಕಾಯ್ದೆಯ ಮೂಲಕ ಕಂಪೆನಿ ಕಾಯ್ದೆಯ 182ನೇ ಕಲಮನ್ನು ತಿದ್ದಿತು. ಅದಕ್ಕೂ ಮುನ್ನ ಕಂಪೆನಿಯೊಂದು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 7.5ಕ್ಕಿಂತ ಹೆಚ್ಚನ್ನು ರಾಜಕೀಯ ಪಕ್ಷಗಳಿಗೆ ಕೊಡುವಂತಿರಲಿಲ್ಲ. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂದು ಲಾಭ-ನಷ್ಟದ ಲೆಕ್ಕದಲ್ಲಿ ಬರೆಯಬೇಕಿತ್ತು. ತಿದ್ದುಪಡಿಯಿಂದ ಮಿತಿಯೂ ಹೋಯಿತು, ಪಕ್ಷದ ಹೆಸರೂ ಹೋಯಿತು. ಹೀಗೆ ಹೆಸರಿಲ್ಲದ ಲೆಕ್ಕಕ್ಕೂ ಪರಿಶೋಧಕನು ನಿಜವಾದ ಹಾಗೂ ನ್ಯಾಯವಾದ ಚಿತ್ರವೆಂದು ಸಹಿ ಹಾಕಬಹುದಿತ್ತು, ಏಕೆಂದರೆ ಅದು ಕಾನೂನಿನಂತೆಯೇ ಇತ್ತು! ಶೇರುದಾರನ ಹಣ ಯಾರ ಚುನಾವಣೆಗೆ ಹೋಯಿತೆಂದು ಶೇರುದಾರನಿಗೇ ತಿಳಿಯುವಂತಿರಲಿಲ್ಲ. ಏಳು ವರ್ಷಗಳ ಬಳಿಕ, 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಚುನಾವಣಾ ಬಾಂಡ್ ಯೋಜನೆಯೊಂದಿಗೆ ಈ ತಿದ್ದುಪಡಿಯನ್ನೂ ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಅಷ್ಟರೊಳಗೆ ಎರಡು ಲೋಕಸಭಾ ಚುನಾವಣೆಗಳ ಪೈಕಿ ಒಂದು ಮುಗಿದು ಇನ್ನೊಂದು ಬಾಗಿಲಿಗೆ ಬಂದಿತ್ತು.

ಪರರ ಮನೆಯ ಲೆಕ್ಕ ಕೇಳುವ ನಾವು ನಮ್ಮ ಮನೆಯನ್ನು ಬಿಟ್ಟು ಮಾತಾಡುವುದು ನ್ಯಾಯವಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಮೂಹ ಬಾಗಿಲು ಮುಚ್ಚಿದಾಗ ಶಿವಾಜಿನಗರದಲ್ಲಿ ದೂರು ನೀಡಲು ಸರತಿಯಲ್ಲಿ ನಿಂತವರಲ್ಲಿ ಹೆಚ್ಚಿನವರು ನಮ್ಮವರೇ. ನಿವೃತ್ತರು, ವಿಧವೆಯರು, ಕೊಲ್ಲಿಯಲ್ಲಿ ಬೆವರು ಸುರಿಸಿದವರು, ಮಗಳ ಮದುವೆಗೆಂದು ಕೂಡಿಟ್ಟವರು. ಬಡ್ಡಿಯಿಲ್ಲ, ಹಲಾಲ್ ಲಾಭ ಮಾತ್ರ ಎಂಬ ಮಾತಿಗೆ ಮರುಳಾಗಿ ಅವರು ಹಣ ಕೊಟ್ಟಿದ್ದರು. ಠೇವಣಿಯ ನಿಯಮಗಳು ತಟ್ಟದಂತೆ ಹಣ ಕೊಟ್ಟವರನ್ನು ಕಾಗದದಲ್ಲಿ ಪಾಲುದಾರರೆಂದು ತೋರಿಸಲಾಗಿತ್ತು. ಪಾಲುದಾರನಾದವನಿಗೆ ಲೆಕ್ಕ ನೋಡುವ ಹಕ್ಕಿದೆ, ಸೀಮಿತ ಹೊಣೆಯ ಪಾಲುದಾರಿಕೆಯ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಪರಿಶೋಧನೆ ಕಡ್ಡಾಯ ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಪ್ರತಿ ತಿಂಗಳು ಲಾಭ ಬರುತ್ತಿದ್ದುದರಿಂದ ಅವರೂ ಕೇಳಲಿಲ್ಲ. ನಿಗಾ ಇಡಬೇಕಿದ್ದ ಕಂದಾಯ ಇಲಾಖೆಯ ಅಧಿಕಾರಿಗಳೇ ಲಂಚದ ಆರೋಪದಲ್ಲಿ ಬಂಧನಕ್ಕೊಳಗಾದರು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು ಎಂದು ವಿಧಿಸುವ ಸೂಕ್ತವೇ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ. ಅದನ್ನು ಪಾರಾಯಣ ಮಾಡುವ ಸಮುದಾಯಕ್ಕೆ, ಗಡ್ಡವನ್ನೂ ಬಿರುದನ್ನೂ ನೋಡಿದರೆ ಸಾಕು, ಬ್ಯಾಲೆನ್ಸ್ ಶೀಟ್ ನೋಡಬೇಕಾಗಿಲ್ಲ ಎಂದು ಅನಿಸಿದ್ದು ಹೇಗೆ? ವಕ್ಫ್ ಸಂಸ್ಥೆಗಳ ಮುತವಲ್ಲಿಗಳು ಪ್ರತಿ ವರ್ಷ ಮಂಡಳಿಗೆ ಲೆಕ್ಕ ಸಲ್ಲಿಸಬೇಕು, ಅದರ ಪರಿಶೋಧನೆಯಾಗಬೇಕು ಎಂದು 1995ರ ಕಾಯ್ದೆಯಲ್ಲೇ ಇದೆ. ಎಷ್ಟು ಜಮಾಅತ್‌ಗಳ ಸೂಚನಾ ಫಲಕದಲ್ಲಿ ಪರಿಶೋಧಿತ ಲೆಕ್ಕ ಕಾಣಸಿಗುತ್ತದೆ? ಲೆಕ್ಕ ಕೇಳಿದವನನ್ನು ಫಿತ್ನಾಕೋರನೆಂದು ಕರೆದು ಕೂರಿಸುವ ಸಭೆಗಳನ್ನು ನಾವೇ ಕಂಡಿದ್ದೇವೆ.

ಹಾಗಾದರೆ ಪರಿಹಾರವೇನು? ಸರಕಾರಿ ಕಂಪೆನಿಗಳ ವಿಷಯದಲ್ಲಿ ಒಂದು ಮಾದರಿ ಕಾನೂನಿನಲ್ಲೇ ಇದೆ. ಅವುಗಳ ಪರಿಶೋಧಕರನ್ನು ಕಂಪೆನಿಯ ಆಡಳಿತ ಆರಿಸುವುದಿಲ್ಲ, ಭಾರತದ ನಿಯಂತ್ರಕ ಮತ್ತು ಮಹಾಲೇಖಪಾಲರು ನೇಮಿಸುತ್ತಾರೆ. ಸಾರ್ವಜನಿಕರಿಂದ ಹಣ ಎತ್ತುವ ಖಾಸಗಿ ಕಂಪೆನಿಗಳಿಗೂ ಇಂತಹದೇ ವ್ಯವಸ್ಥೆ ಏಕಾಗಬಾರದು? ಕಂಪೆನಿಗಳು ತಮ್ಮ ಗಾತ್ರಕ್ಕೆ ತಕ್ಕಂತೆ ಒಂದು ನಿಧಿಗೆ ಹಣ ಕಟ್ಟಲಿ. ಪರಿಶೋಧಕರನ್ನು ಸ್ವತಂತ್ರ ಪ್ರಾಧಿಕಾರವು ಅರ್ಹರ ಪಟ್ಟಿಯಿಂದ ಆರಿಸಿ ಕಳುಹಿಸಲಿ, ಸಂಬಳವೂ ಆ ನಿಧಿಯಿಂದಲೇ ಬರಲಿ. ಎನ್ರಾನ್‌ನ ಬಳಿಕ ಅಮೆರಿಕ 2002ರ ಕಾನೂನಿನಿಂದ ರಚಿಸಿದ ಮೇಲ್ವಿಚಾರಣಾ ಮಂಡಳಿಯ ಖರ್ಚನ್ನು ಕಂಪೆನಿಗಳ ಮೇಲಿನ ಶುಲ್ಕದಿಂದ ಭರಿಸಲಾಗುತ್ತದೆ. ಅಲ್ಲಿ ಮೇಲ್ವಿಚಾರಕನಿಗೆ ಆದದ್ದು ಇಲ್ಲಿ ಪರಿಶೋಧಕನಿಗೂ ಆಗಬಹುದು.

ಇದರಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ಭಾವಿಸಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಸರಕಾರಿ ಬ್ಯಾಂಕೇ ಆಗಿತ್ತು. ಅಲ್ಲಿ ಒಳ ಪರಿಶೋಧನೆಯಿತ್ತು, ಶಾಸನಬದ್ಧ ಪರಿಶೋಧನೆಯಿತ್ತು, ರಿಸರ್ವ್ ಬ್ಯಾಂಕಿನ ತಪಾಸಣೆಯೂ ಇತ್ತು. ಆದರೂ ಮುಂಬೈಯ ಒಂದೇ ಶಾಖೆಯಿಂದ ವಜ್ರ ವ್ಯಾಪಾರಿಗಳಿಗೆ ವರ್ಷಗಟ್ಟಲೆ ಅಕ್ರಮ ಖಾತರಿ ಪತ್ರಗಳು ಹೋಗುತ್ತಿದ್ದವೆಂಬುದು 2018ರ ಫೆಬ್ರವರಿಯವರೆಗೆ ಹೊರಗೆ ಬರಲಿಲ್ಲ. ಖಾತರಿ ಪತ್ರ ಕಳುಹಿಸುವ ಯಂತ್ರಕ್ಕೂ ಬ್ಯಾಂಕಿನ ಲೆಕ್ಕ ಬರೆಯುವ ಯಂತ್ರಕ್ಕೂ ಕೊಂಡಿಯೇ ಇರಲಿಲ್ಲ. ನೇಮಕ ಬದಲಾದರೆ ಮನುಷ್ಯನ ಸೋಮಾರಿತನ ಬದಲಾಗುವುದಿಲ್ಲ. ಪಟ್ಟಿಯಿಂದ ಆರಿಸುವಲ್ಲೂ ಶಿಫಾರಸು, ರಾಜಕೀಯ ನುಸುಳಬಹುದು. ಆದರೂ ಸೋಮಾರಿಯಾದ ಕಾವಲುಗಾರನನ್ನು ಎಚ್ಚರಿಸಬಹುದು, ಕಳ್ಳನಿಂದಲೇ ಸಂಬಳ ಪಡೆಯುವವನನ್ನು ಎಚ್ಚರಿಸುವುದು ಹೇಗೆ?

ಅಷ್ಟು ದೊಡ್ಡ ಬದಲಾವಣೆಗೆ ಸರಕಾರ ಸಿದ್ಧವಿಲ್ಲದಿದ್ದರೆ ಚಿಕ್ಕದೊಂದನ್ನು ಕೂಡಲೇ ಮಾಡಬಹುದು. 2013ರ ಕಾಯ್ದೆ ಬಂದಾಗ, ಐದು ವರ್ಷಕ್ಕೆ ನೇಮಕವಾದ ಪರಿಶೋಧಕನಿಗೆ ಪ್ರತಿ ವರ್ಷದ ಮಹಾಸಭೆಯಲ್ಲಿ ಶೇರುದಾರರು ಮತ್ತೊಮ್ಮೆ ಒಪ್ಪಿಗೆ ಕೊಡಬೇಕೆಂಬ ನಿಯಮವಿತ್ತು. ವರ್ಷಕ್ಕೊಮ್ಮೆಯಾದರೂ ಸಣ್ಣ ಶೇರುದಾರನೊಬ್ಬ ಎದ್ದು ನಿಂತು, ಇವರು ಕಳೆದ ವರ್ಷ ಏನು ನೋಡಿದರು ಎಂದು ಕೇಳಲು ಅದರಿಂದ ಅವಕಾಶವಿತ್ತು. ಕಂಪೆನಿಗಳಿಗೆ ತೊಡಕಾಗುತ್ತದೆಂದು ಆ ನಿಯಮವನ್ನು ಮುಂದೆ ತಿದ್ದುಪಡಿಯಿಂದ ತೆಗೆದುಹಾಕಲಾಯಿತು. 2018ರ ಮೇ 7ರಿಂದ ಅದು ಜಾರಿಗೆ ಬಂತು. ಐಎಲ್ ಅಂಡ್ ಎಫ್‌ಎಸ್ ಕುಸಿಯಲು ಆಗ ಐದು ತಿಂಗಳೂ ಉಳಿದಿರಲಿಲ್ಲ. ಆ ನಿಯಮವನ್ನು ಮರಳಿ ತರಬೇಕೆಂದು ನಾವು ಒತ್ತಾಯಿಸುತ್ತೇವೆ. ಪ್ರವರ್ತಕರ ಮತಗಳನ್ನು ಹೊರಗಿಟ್ಟು, ಉಳಿದ ಶೇರುದಾರರಷ್ಟೇ ಅದರಲ್ಲಿ ಮತ ಹಾಕುವಂತಾಗಲಿ.